ಆನ್‌ಲೈನ್ ಖರ್ಚಿಗೆ ತಡೆ ಹಾಕುವ ಬ್ಯಾಂಕ್ ಖಾತೆ ಯಾವುದು?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ತಿಂಗಳಿಗೆ 26,000 ರೂಪಾಯಿ ಪಗಾರ. ಪಗಾರ ಜಮೆಯಾಗುವ ಖಾತೆಯನ್ನೇ ಯುಪಿಐಗೂ ಜೋಡಿಸಿದ್ದೇನೆ. ಪಾಳಿ ಮುಗಿಸಿ ಬಂದು ಮೊಬೈಲ್ ಹಿಡಿದು ಕುಳಿತರೆ ಏನಾದರೊಂದನ್ನು ತರಿಸಿಯೇ ತೀರುತ್ತೇನೆ. ತಿಂಗಳ 20ನೇ ತಾರೀಖಿನ ಹೊತ್ತಿಗೆ ಖಾತೆ ಬರಿದಾಗಿರುತ್ತದೆ. ಇಂಥ ಖರ್ಚನ್ನು ತಡೆಯಲು ಯಾವ ಬ್ಯಾಂಕಿನಲ್ಲಿ, ಯಾವ ಬಗೆಯ ಖಾತೆ ತೆರೆಯಬೇಕು?

ಉತ್ತರ: ಬ್ಯಾಂಕಿನ ಹೆಸರನ್ನು ಕೊನೆಗೆ ನೋಡೋಣ. ನಿಮ್ಮ ಪಗಾರ ಖಾತೆಯಿಂದ ಹಣ ಹೊರಹೋಗಲು ಸದ್ಯ ಎಷ್ಟು ದಾರಿಗಳಿವೆ ಎಂಬುದನ್ನು ಮೊದಲು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಯುಪಿಐ, ಡೆಬಿಟ್ ಕಾರ್ಡಿನ ಆನ್‌ಲೈನ್ ಬಳಕೆ, ಬ್ಯಾಂಕಿನ ಆ್ಯಪ್, ಎಂದೋ ಒಪ್ಪಿಗೆ ಕೊಟ್ಟು ಮರೆತಿರಬಹುದಾದ ಆಟೋಪೇ, ಇಷ್ಟಾದರೂ ಇರುತ್ತವೆ. ನಸುಕಿನಲ್ಲಿ ಕಣ್ಣು ಎಳೆಯುತ್ತಿರುವಾಗ, ಕುಳಿತಲ್ಲಿಂದ ಏಳದೆಯೇ ತಿಂಗಳ ಪಗಾರವನ್ನೆಲ್ಲ ಖರ್ಚು ಮಾಡಬಹುದಾದ ಸ್ಥಿತಿಯಲ್ಲಿ ಖಾತೆ ಇದ್ದರೆ, ಅದು ಯಾವ ಬ್ಯಾಂಕಿನದಾದರೂ ಆಗುವುದು ಇದೇ. ಆದ್ದರಿಂದ ಬಡ್ಡಿ ಎಷ್ಟು ಎಂದು ಕೇಳುವ ಮೊದಲು, ಅದರಿಂದ ಹಣ ತೆಗೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಬೇಕು. ಹತ್ತು ಸಾವಿರ ರೂಪಾಯಿಗೆ ಶೇ 1ರಷ್ಟು ಹೆಚ್ಚು ಬಡ್ಡಿ ಸಿಕ್ಕರೂ ವರ್ಷಕ್ಕೆ ದಕ್ಕುವುದು 100 ರೂಪಾಯಿ. ಬೇಡದ ಒಂದು ಕುರ್ತಾ ತರಿಸಿದರೆ ಅದರ ಹಲವು ಪಟ್ಟು ಹೋಗಿಬಿಡುತ್ತದೆ.

ನನ್ನ ಸಲಹೆ ಎರಡು ಖಾತೆಗಳದ್ದು. ಪಗಾರ ಬರುವ ಖಾತೆಯನ್ನು ಯುಪಿಐಯಿಂದ ಪೂರ್ತಿ ಬಿಡಿಸಿಬಿಡಿ. ಬೇರೊಂದು ಬ್ಯಾಂಕಿನಲ್ಲಿ ಸಾಧಾರಣ ಉಳಿತಾಯ ಖಾತೆಯೊಂದನ್ನು ತೆರೆದು, ಅದೊಂದನ್ನೇ ಯುಪಿಐಗೆ ಜೋಡಿಸಿ, ಅದಕ್ಕೆ ವಾರಕ್ಕೊಮ್ಮೆ ನಿಗದಿತ ಮೊತ್ತ ಮಾತ್ರ ಬರುವಂತೆ ಮಾಡಿ. ಬೇರೆ ಬ್ಯಾಂಕು ಎಂದು ಒತ್ತಿ ಹೇಳಲು ಕಾರಣವಿದೆ. ಯುಪಿಐ ಆ್ಯಪ್‌ನಲ್ಲಿ ಬ್ಯಾಂಕಿನ ಹೆಸರನ್ನು ಒತ್ತಿದಾಗ, ನಿಮ್ಮ ಮೊಬೈಲ್ ಸಂಖ್ಯೆಗೆ ಆ ಬ್ಯಾಂಕಿನಲ್ಲಿರುವ ಖಾತೆಗಳೆಲ್ಲ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಖರ್ಚಿನ ಖಾತೆ ಬರಿದಾದ ದಿನ, ಪಕ್ಕದಲ್ಲೇ ಕಾಣುವ ಪಗಾರ ಖಾತೆಯನ್ನು ಸೇರಿಸಿಕೊಳ್ಳಲು ಒಂದೆರಡು ನಿಮಿಷ ಸಾಕು. ಖಾತೆಗಳು ಎರಡು ಬ್ಯಾಂಕುಗಳಲ್ಲಿದ್ದರೆ ಈ ಸಲಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ನಿಮ್ಮ 26,000 ರೂಪಾಯಿಯನ್ನೇ ತೆಗೆದುಕೊಳ್ಳೋಣ. ಕೋಣೆಯ ಬಾಡಿಗೆಗೂ ಮನೆಗೆ ಕಳಿಸುವುದಕ್ಕೂ ಸೇರಿ 11,000 ಎಂದುಕೊಂಡರೆ, ಅದು ಪಗಾರ ಖಾತೆಯಿಂದಲೇ ನೇರವಾಗಿ ಹೋಗಲಿ. 2,000 ರೂಪಾಯಿ ಆರ್‌ಡಿಗೆ, ಅಂದರೆ ತಿಂಗಳಿಗಿಷ್ಟು ಎಂದು ಕಟ್ಟುವ ಠೇವಣಿಗೆ ಹೋಗಲಿ. ವಾರಕ್ಕೆ 2,000ದಂತೆ ನಾಲ್ಕು ವಾರಕ್ಕೆ 8,000 ರೂಪಾಯಿ ಖರ್ಚಿನ ಖಾತೆಗೆ ಬರಲಿ. ಉಳಿದ 5,000 ಪಗಾರ ಖಾತೆಯಲ್ಲೇ ಇರಲಿ, ಏಕೆಂದರೆ ಕೆಲವು ತಿಂಗಳುಗಳಲ್ಲಿ ಐದನೆಯ ಕಂತೂ ಬೀಳುತ್ತದೆ ಮತ್ತು ಮೈ ಹುಷಾರಿಲ್ಲದ ದಿನಗಳು ಹೇಳಿಕೇಳಿ ಬರುವುದಿಲ್ಲ. ಈ ವಾರದ ವರ್ಗಾವಣೆಯನ್ನು ನೀವೇ ಕೈಯಾರೆ ಮಾಡಬೇಡಿ. ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟರೆ ಹೇಳಿದ ದಿನ ಹೇಳಿದ ಮೊತ್ತ ತಾನಾಗಿ ವರ್ಗವಾಗುತ್ತದೆ. ಬೇರೆ ಬ್ಯಾಂಕಿಗೆ ಕಳಿಸುವ ಇಂಥ ಸೂಚನೆಗೆ ಶುಲ್ಕವಿದೆಯೇ ಎಂದು ಶಾಖೆಯಲ್ಲಿ ಕೇಳಿಕೊಳ್ಳಿ. ವಾರದ ಸಂತೆ ಮಾಡುವ ಅಭ್ಯಾಸವಿದ್ದರೆ ಸಂತೆಯ ಹಿಂದಿನ ದಿನವನ್ನೇ ಗೊತ್ತುಮಾಡುವುದು ಒಳ್ಳೆಯದು. ಆಗ ಕಾಯಿಪಲ್ಲೆ, ಕಿರಾಣಿಯ ಲೆಕ್ಕವೂ ಆನ್‌ಲೈನ್ ಖರೀದಿಯ ಲೆಕ್ಕವೂ ಒಂದೇ 2,000ದಲ್ಲಿ ಎದುರುಬದುರಾಗುತ್ತವೆ, ಮತ್ತು ಹೆಚ್ಚಿನವರು ಕಾಯಿಪಲ್ಲೆಯನ್ನೇ ಉಳಿಸಿಕೊಳ್ಳುತ್ತಾರೆ.

ಪಗಾರ ಖಾತೆಯ ಡೆಬಿಟ್ ಕಾರ್ಡನ್ನು ಹಾಗೆಯೇ ಬಿಟ್ಟರೆ ಮೇಲಿನ ಏರ್ಪಾಡಿಗೆ ಅರ್ಥವಿಲ್ಲ. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಹೊರಡಿಸಿ, ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಹೊಸದಾಗಿ ಕೊಡುವ ಕಾರ್ಡು ದೇಶದೊಳಗಿನ ಎಟಿಎಂನಲ್ಲಿ ಮತ್ತು ಅಂಗಡಿಯ ಸ್ವೈಪ್ ಯಂತ್ರದಲ್ಲಿ ಮಾತ್ರ ನಡೆಯಬೇಕು. ಆನ್‌ಲೈನ್ ಬಳಕೆಯನ್ನು ಗ್ರಾಹಕರು ತಾವಾಗಿ ಕೇಳಿ ತೆರೆಸಿಕೊಳ್ಳಬೇಕು. ಅಂದರೆ ನಿಮ್ಮ ಕಾರ್ಡು ಆ ನಂತರದ್ದಾಗಿದ್ದು ಈಗ ಆನ್‌ಲೈನ್‌ನಲ್ಲಿ ನಡೆಯುತ್ತಿದ್ದರೆ, ಆ ಬಾಗಿಲನ್ನು ತೆರೆದವರು ನೀವೇ. ಅದನ್ನು ಮುಚ್ಚುವ ಸೌಲಭ್ಯವನ್ನು ದಿನದ 24 ಗಂಟೆಯೂ ಒದಗಿಸಬೇಕೆಂದು ಅದೇ ನಿಯಮ ಹೇಳುತ್ತದೆ. ಬ್ಯಾಂಕಿನ ಆ್ಯಪ್‌ನ ಕಾರ್ಡು ವಿಭಾಗಕ್ಕೆ ಹೋದರೆ ಎಟಿಎಂ, ಅಂಗಡಿ, ಆನ್‌ಲೈನ್, ವಿದೇಶ ಎಂದು ಬೇರೆಬೇರೆ ಗುಂಡಿಗಳೂ ಅವುಗಳ ಎದುರು ದಿನದ ಮಿತಿಯೂ ಇರುತ್ತವೆ. ಎಟಿಎಂ ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಬಂದ್ ಮಾಡಿಬಿಡಿ. ಬಳಿಕ ಆ ಆ್ಯಪ್ಪನ್ನೂ ಫೋನಿನಿಂದ ತೆಗೆದುಹಾಕುವುದು ಉತ್ತಮ. ಇಲ್ಲದಿದ್ದರೆ ಬಂದ್ ಮಾಡಿದ ಕೈಯೇ ಮತ್ತೆ ತೆರೆಯುತ್ತದೆ. ಬಾಡಿಗೆ ಕೊಡುವ ದಿನ ಇಂಟರ್‌ನೆಟ್ ಬ್ಯಾಂಕಿಂಗ್ ಸಾಕಾಗುತ್ತದೆ.

ಆಟೋಪೇ ವಿಷಯವನ್ನು ಜನ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ 15,000 ರೂಪಾಯಿವರೆಗಿನ ಚಂದಾ ಹಣವನ್ನು ಪ್ರತಿ ಬಾರಿ ಒಟಿಪಿ ಕೇಳದೆಯೇ ಕಡಿತ ಮಾಡಬಹುದು. 24 ಗಂಟೆ ಮುಂಚಿತವಾಗಿ ಸಂದೇಶವೊಂದು ಬರುತ್ತದೆ, ಅಷ್ಟೇ. ಆ ಸಂದೇಶವನ್ನು ಎಷ್ಟು ಜನ ಓದುತ್ತಾರೋ ಬಲ್ಲವರೇ ಹೇಳಬೇಕು. ಯುಪಿಐ ಆ್ಯಪ್‌ನ ಆಟೋಪೇ ವಿಭಾಗವನ್ನು ಒಮ್ಮೆ ತೆರೆದು, ನೋಡದ ಚಲನಚಿತ್ರ ಚಂದಾ, ಮಾಡದ ವ್ಯಾಯಾಮದ ಚಂದಾಗಳನ್ನು ರದ್ದುಪಡಿಸಿ. ಹಾಗೆಯೇ ಯುಪಿಐ ಲೈಟ್ ಬಳಸುತ್ತಿದ್ದರೆ, ಅದರಲ್ಲಿ 5,000 ರೂಪಾಯಿವರೆಗೆ ಇಟ್ಟುಕೊಂಡು ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಒತ್ತದೆಯೇ ಕೊಡಬಹುದು ಎಂಬುದನ್ನು ನೆನಪಿಡಿ. ಚಹಾ ಅಂಗಡಿಗೆ ಅದು ಅನುಕೂಲವೇ ಸರಿ, ನಿಮ್ಮ ತೊಂದರೆಗೆ ಮಾತ್ರ ಪ್ರತಿಕೂಲ. ಹಣ ಕಡಿಮೆಯಾದಾಗ ತಾನಾಗಿ ತುಂಬಿಕೊಳ್ಳುವ ವ್ಯವಸ್ಥೆಯನ್ನಾದರೂ ನಿಲ್ಲಿಸಿ.

ಈಗ ಉಳಿತಾಯದ ಮಾತು. ಬ್ಯಾಂಕಿನವರು ನಿಮಗೆ ಫ್ಲೆಕ್ಸಿ ಅಥವಾ ಸ್ವೀಪ್ ಠೇವಣಿಯನ್ನು ಸೂಚಿಸಬಹುದು. ಖಾತೆಯಲ್ಲಿ ಹೆಚ್ಚಾದ ಹಣ ತಾನಾಗಿ ಠೇವಣಿಯಾಗುತ್ತದೆ, ಬಡ್ಡಿಯೂ ಹೆಚ್ಚು ಎಂಬುದು ನಿಜ. ಆದರೆ ಖಾತೆಯಲ್ಲಿ ಹಣ ಸಾಲದೆ ಬಂದಾಗ ಆ ಠೇವಣಿ ತಾನಾಗಿಯೇ ಮುರಿದುಕೊಂಡು ಹಿಂದಿರುಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಖರ್ಚಿನ ಕೈ ಸಡಿಲವಿರುವವರಿಗೆ ನಾನು ಇದನ್ನು ಖಂಡಿತ ಹೇಳುವುದಿಲ್ಲ. ಆ್ಯಪ್‌ನಲ್ಲಿ ತೆರೆದ ಎಫ್‌ಡಿಯ ಪಾಡೂ ಹೆಚ್ಚುಕಡಿಮೆ ಇಷ್ಟೇ. ತೆರೆದಷ್ಟೇ ಸುಲಭವಾಗಿ ನಡುರಾತ್ರಿಯಲ್ಲಿ ಮುರಿಯಬಹುದು. ಶಾಖೆಗೆ ಹೋಗಿ ಕಾಗದದ ರಸೀದಿ ಪಡೆದ ಠೇವಣಿ, ಅಥವಾ ಅಂಚೆ ಕಚೇರಿಯ ಆರ್‌ಡಿ ಇದಕ್ಕಿಂತ ಗಟ್ಟಿ. ಅಂಚೆ ಆರ್‌ಡಿಯನ್ನು ತಿಂಗಳಿಗೆ 100 ರೂಪಾಯಿಯಿಂದ ಆರಂಭಿಸಬಹುದು, ಅವಧಿ ಐದು ವರ್ಷ, ಮೂರು ವರ್ಷ ತುಂಬುವ ಮೊದಲು ಮುಚ್ಚಲು ಬರುವುದಿಲ್ಲ.

ಇದಕ್ಕೂ ಬಿಗಿಯಾದದ್ದು ಜಂಟಿ ಖಾತೆ. ಜಂಟಿ ಖಾತೆಯನ್ನು ತೆರೆಯುವಾಗ ಇಬ್ಬರಲ್ಲಿ ಯಾರಾದರೊಬ್ಬರು ವ್ಯವಹರಿಸಬಹುದೋ, ಅಥವಾ ಇಬ್ಬರ ಸಹಿಯೂ ಬೇಕೋ ಎಂದು ಅರ್ಜಿಯಲ್ಲಿ ಕೇಳಿರುತ್ತಾರೆ. ಹೆಚ್ಚಿನವರು ಯೋಚಿಸದೆ ಮೊದಲನೆಯದಕ್ಕೆ ಗುರುತು ಹಾಕುತ್ತಾರೆ. ಎರಡನೆಯದಕ್ಕೆ ಗುರುತು ಹಾಕಿದರೆ ಆ ಖಾತೆಯನ್ನು ಯುಪಿಐಗೆ ಜೋಡಿಸಲು ಬರುವುದೇ ಇಲ್ಲ, ಹಣ ತೆಗೆಯಲು ಇಬ್ಬರೂ ಸಹಿ ಮಾಡಬೇಕು. ನಿಮ್ಮ ತಾಯಿ ಗುಳೇದಗುಡ್ಡದಲ್ಲೋ ಇಳಕಲ್ಲಿನಲ್ಲೋ ಇದ್ದಾರೆ ಎಂದಾದರೆ ಅವರೊಡನೆ ಇಂಥದೊಂದು ಖಾತೆ ತೆರೆದು, ಪಗಾರ ಖಾತೆಯಲ್ಲಿ ಮಿಕ್ಕಿದ್ದನ್ನು ಮೂರು ತಿಂಗಳಿಗೊಮ್ಮೆ ಅದಕ್ಕೆ ಹಾಕಬಹುದು. ಮುಂದೆ ತೆಗೆಯಬೇಕಾದಾಗ ಅವ್ವನಿಗೆ ಕಾರಣ ಹೇಳಬೇಕಾಗುತ್ತದೆ. ಯಾವ ಆ್ಯಪ್ಪೂ ಕೇಳದ ಪ್ರಶ್ನೆಗಳನ್ನು ಅವ್ವ ಕೇಳುತ್ತಾಳೆ. ಒಂದು ಎಚ್ಚರಿಕೆ ಇದೆ. ಅವಸರದ ಆಸ್ಪತ್ರೆ ಖರ್ಚಿಗೆ ಈ ಖಾತೆ ಒದಗುವುದಿಲ್ಲವಾದ್ದರಿಂದ, ಇದ್ದಬದ್ದ ಹಣವನ್ನೆಲ್ಲ ಇಲ್ಲಿಯೇ ಇಡಬಾರದು.

ದಿನಕ್ಕಿಷ್ಟು ಎಂದು ಏಜೆಂಟರ ಕೈಗೆ ಕೊಡುವ ಪಿಗ್ಮಿ ಕಟ್ಟಬಹುದೇ ಎಂದು ನಮ್ಮ ಕಡೆಯವರು ಕೇಳಿಯೇ ಕೇಳುತ್ತಾರೆ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಈ ಪದ್ಧತಿ ದಿನದ ಗಳಿಕೆಯವರಿಗೆ ಇಂದಿಗೂ ಹೊಂದುತ್ತದೆ. ಬೆಳಗಾವಿಯ ಖಡೇಬಜಾರಿನ ಅಂಗಡಿಯವರಿಗೆ ಸಂಜೆ ಗಲ್ಲೆಯಲ್ಲಿ ಉಳಿದ ಹಣ ಮನೆ ಸೇರುವ ಮೊದಲೇ ಏಜೆಂಟರ ಕೈ ಸೇರುವುದು ಲಾಭವೇ. ತಿಂಗಳಿಗೊಮ್ಮೆ ಪಗಾರ ಬರುವ ನಿಮಗೆ ಆರ್‌ಡಿಯೇ ಸಾಕು. ಪಿಗ್ಮಿಯನ್ನಾಗಲಿ ಠೇವಣಿಯನ್ನಾಗಲಿ ಎಲ್ಲಿ ಇಡುತ್ತೀರಿ ಎಂಬುದು ಮಾತ್ರ ಮುಖ್ಯ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಊರೂರಿನಲ್ಲಿ ಸೌಹಾರ್ದ ಮತ್ತು ಪತ್ತಿನ ಸಹಕಾರಿ ಸಂಘಗಳಿವೆ. ಅವು ಕೊಡುವ ಬಡ್ಡಿ ಹೆಚ್ಚು, ಯುಪಿಐ ಗೊಡವೆಯೂ ಕಡಿಮೆ, ಹಾಗಾಗಿ ಖರ್ಚಿಗೆ ತಡೆ ಬೇಕಾದವರಿಗೆ ಅವು ಸರಿಯೆನಿಸುತ್ತವೆ. ಆದರೆ ಪ್ರತಿ ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ಸಿಗುವ ಠೇವಣಿ ವಿಮೆ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆ, ಇಂಥ ಸಂಘಗಳಿಗೆ ಅನ್ವಯಿಸುವುದಿಲ್ಲ. ಹೆಸರಿನ ಫಲಕದ ಮೇಲೆ ‘ಸಹಕಾರಿ’ ಎಂಬ ಪದ ಕಂಡ ಮಾತ್ರಕ್ಕೆ ಅದು ಬ್ಯಾಂಕಾಗುವುದಿಲ್ಲ. ಖರ್ಚು ಉಳಿಸಲು ಹೋಗಿ ಅಸಲನ್ನೇ ಅಪಾಯಕ್ಕೆ ಒಡ್ಡುವುದು ಜಾಣತನವಲ್ಲ.

ಇನ್ನು ಬ್ಯಾಂಕಿನ ಹೆಸರು. ಖರ್ಚಿನ ಖಾತೆ ವಾರದ ಕೊನೆಗೆ ಶೂನ್ಯಕ್ಕೆ ಇಳಿಯುವುದೇ ಅದರ ಸ್ವಭಾವವಾದ್ದರಿಂದ, ಮಿನಿಮಮ್ ಬ್ಯಾಲೆನ್ಸ್ ಕೇಳದ ಬ್ಯಾಂಕೇ ಆಗಬೇಕು. ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ ಬ್ಯಾಂಕು 2025ರಲ್ಲಿ ಉಳಿತಾಯ ಖಾತೆಗಳಿಗೆ ಈ ಷರತ್ತನ್ನು ತೆಗೆದುಹಾಕಿವೆ. ಅದಿಲ್ಲವಾದರೆ ಮಿನಿಮಮ್ ಬ್ಯಾಲೆನ್ಸ್ ಬೇಡದ ಮೂಲ ಉಳಿತಾಯ ಖಾತೆಯನ್ನು (ಬಿಎಸ್‌ಬಿಡಿ) ಯಾವ ಬ್ಯಾಂಕಿನಲ್ಲಾದರೂ ಕೇಳಬಹುದು. ಅದನ್ನು ತೆರೆದವರು ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ ಎಂಬುದಷ್ಟೇ ನಿರ್ಬಂಧ. ತಾಯಿಯೊಡನೆ ತೆರೆಯುವ ಜಂಟಿ ಖಾತೆಗೆ ಅವರ ಊರಿನಲ್ಲಿರುವ ಗ್ರಾಮೀಣ ಬ್ಯಾಂಕಿನ ಶಾಖೆಯೇ ಅನುಕೂಲ. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ವಿಲೀನಗೊಂಡು ಹೊಸ ಕರ್ನಾಟಕ ಗ್ರಾಮೀಣ ಬ್ಯಾಂಕು ರೂಪುಗೊಂಡಿದೆ. ಹಳೆಯ ಪಾಸ್‌ಬುಕ್ ಇದ್ದರೆ ಅದನ್ನು ತೆಗೆದುಕೊಂಡು ಹೋಗಿ ವಿಚಾರಿಸಿ.

ಇಷ್ಟೆಲ್ಲ ಮಾಡಿದರೂ ಎರಡು ಕಿಂಡಿಗಳು ಉಳಿಯುತ್ತವೆ. ಮೊದಲನೆಯದು ಸಾಲ. ಕ್ರೆಡಿಟ್ ಕಾರ್ಡು ಅಥವಾ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎನ್ನುವ ಸೌಲಭ್ಯ ನಿಮ್ಮ ಫೋನಿನಲ್ಲಿದ್ದರೆ, ಖರ್ಚಿನ ಖಾತೆಯಲ್ಲಿ ಹಣ ಮುಗಿದರೂ ಖರೀದಿ ನಿಲ್ಲುವುದಿಲ್ಲ. ರುಪೇ ಕ್ರೆಡಿಟ್ ಕಾರ್ಡುಗಳನ್ನು ಯುಪಿಐಗೇ ಜೋಡಿಸಲು ಬರುವುದರಿಂದ ಈ ತೊಂದರೆ ಇನ್ನೂ ಹೆಚ್ಚಿದೆ. ಖಾತೆ ಬದಲಿಸುವ ಮುನ್ನ ಅವನ್ನು ಮುಚ್ಚಿ, ಅಥವಾ ಮಿತಿಯನ್ನು ಇಳಿಸಿ. ಎರಡನೆಯದು, ಪಾರ್ಸೆಲ್ ಬಂದಾಗ ಬಾಗಿಲಲ್ಲಿ ನಗದು ಕೊಡುವುದು. ಇದಕ್ಕೆ ಯಾವ ಖಾತೆಯಿಂದಲೂ ಪರಿಹಾರವಿಲ್ಲ, ಕೈಯಲ್ಲಿ ಹೆಚ್ಚು ನಗದು ಇಟ್ಟುಕೊಳ್ಳದಿರುವುದೊಂದೇ ದಾರಿ.

ಕೊನೆಯದಾಗಿ, ಜಂಟಿ ಖಾತೆಯನ್ನು ತೆರೆದು ಮರೆತುಬಿಡಬೇಡಿ. ಎರಡು ವರ್ಷ ನೀವಾಗಿ ಯಾವ ವಹಿವಾಟನ್ನೂ ಮಾಡದಿದ್ದರೆ ಅದು ನಿಷ್ಕ್ರಿಯ ಖಾತೆಯಾಗುತ್ತದೆ. ಬ್ಯಾಂಕು ಬಡ್ಡಿ ಜಮೆ ಮಾಡಿದ್ದು ವಹಿವಾಟಿನ ಲೆಕ್ಕಕ್ಕೆ ಬರುವುದಿಲ್ಲ. ಮತ್ತೆ ಚಾಲ್ತಿಗೊಳಿಸಲು ಶುಲ್ಕವಿಲ್ಲವಾದರೂ ಇಬ್ಬರೂ ಕೆವೈಸಿ ಕಾಗದಪತ್ರ ಹಿಡಿದು ಶಾಖೆಗೆ ಓಡಾಡಬೇಕಾದೀತು. ಖಾತೆಗೆ ಕೊಟ್ಟಿರುವ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರುವಂತೆಯೂ ನೋಡಿಕೊಳ್ಳಿ. ಯುಪಿಐಗೆ ಸಿಗದಿರಲಿ ಎಂದು ಹಳೆಯ ಸಿಮ್‌ನ ಸಂಖ್ಯೆಯನ್ನು ಕೊಟ್ಟು, ಅದಕ್ಕೆ ರೀಚಾರ್ಜ್ ಮಾಡದೆ ಬಿಡುವವರಿದ್ದಾರೆ. ಆ ಸಂಖ್ಯೆ ಕೆಲ ಕಾಲದ ನಂತರ ಬೇರೊಬ್ಬರಿಗೆ ಹೋಗುತ್ತದೆ, ನಿಮ್ಮ ಖಾತೆಯ ಸಂದೇಶಗಳೂ ಅವರಿಗೇ ಹೋಗುತ್ತವೆ.