ರಜೆ ಮುಗೀತು, ಕಾನೂನು ಪರೀಕ್ಷೆ ಬಂತು: ಮೊದಲು ಓದಬೇಕಾ, ಬರೆಯಬೇಕಾ?

ಪ್ರಶ್ನೆ: ರಜೆಯಲ್ಲಿ ಪುಸ್ತಕ ಮುಟ್ಟಲೇ ಇಲ್ಲ. ಫೈನಲ್ ಪರೀಕ್ಷೆಗೆ ಎರಡು ವಾರ ಇದೆ. ನೋಟ್ಸ್ ಪೂರ್ತಿ ಒಂದು ಸಲ ಓದಿ ಮುಗಿಸಿ, ಆಮೇಲೆ ಹಳೇ ಪ್ರಶ್ನೆಪತ್ರಿಕೆ ಬಿಡಿಸಲೇ?

ಬೇಡ. ಪ್ರತಿ ರಜೆ ಮುಗಿದಾಗಲೂ ಇದೇ ಪ್ರಶ್ನೆ, ನನ್ನದೂ ಅದೇ ಉತ್ತರ. ರಜೆ ಹಾಳಾಯಿತು ಅಂತ ಕೊರಗುವುದನ್ನು ಬಿಡಿ, ತೊಂದರೆ ಅದಲ್ಲ. ಆ ‘ಆಮೇಲೆ’ ಇದೆಯಲ್ಲ, ಅದು.

ಎರಡನೇ ಸಲ ಓದುವಾಗ ಎಲ್ಲವೂ ಸಲೀಸು ಅನಿಸುತ್ತದೆ. ಹಳದಿ ಗೆರೆ ಕಂಡ ಕೂಡಲೇ ‘ಓ, ಇದು ಗೊತ್ತು’. ಗೊತ್ತಿರುವುದು ಆ ಪುಟದ ಮುಖ ಅಷ್ಟೇ. ರೋಡಿಗರ್, ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಂದು ಸಲ ಓದಿ, ಮುಚ್ಚಿಟ್ಟು, ನೆನಪಾದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ ಪಾಠವೇ ಹೆಚ್ಚು ನೆನಪಿತ್ತು. ಒಂದು ವಾರ ಕಳೆಯಲಿ: ಅದರಲ್ಲಿ ನೆನಪಿದ್ದದ್ದು ಸುಮಾರು ಶೇ 42, ಬರೆದು ನೋಡಿದ ಪಾಠದಲ್ಲಿ ಶೇ 56. ನಿಮ್ಮ ಪರೀಕ್ಷೆ ಐದು ನಿಮಿಷದಲ್ಲಿ ಇಲ್ಲವಲ್ಲ!

ಕಾನೂನಿನಲ್ಲಂತೂ ಇದು ಇನ್ನೂ ಜಾಸ್ತಿ ಕೈಕೊಡುತ್ತದೆ. 1932ರ ಡಾನಹ್ಯೂ ವಿರುದ್ಧ ಸ್ಟೀವನ್‌ಸನ್ ತಗೊಳ್ಳಿ: ಸರಕು ಬಳಸಿದವರಿಗೆ ಹಾನಿಯಾದರೆ ತಯಾರಕ ಹೊಣೆಯೇ ಎಂಬ ಬ್ರಿಟನ್ನಿನ ಪ್ರಸಿದ್ಧ ಮೊಕದ್ದಮೆ. ಗೆಳತಿ ಕೊಡಿಸಿದ ಜಿಂಜರ್ ಬಿಯರ್, ಬಾಟಲಿಯಲ್ಲಿ ಕೊಳೆತ ಬಸವನ ಹುಳು. ಕಥೆ ಎಲ್ಲರಿಗೂ ಬಾಯಿಪಾಠ. ಆದರೆ ಪ್ರಶ್ನೆಪತ್ರಿಕೆಯಲ್ಲಿ ಹುಳು ಬರುವುದಿಲ್ಲ. ಅಲ್ಲಿ ಬರುವುದು ಕೂದಲಿನ ಬಣ್ಣ: ಅಂಗಡಿಯವನು ದೊಡ್ಡ ಡಬ್ಬಿಯ ಸೀಲ್ ಒಡೆದು ಸಣ್ಣ ಸೀಸೆಗೆ ತುಂಬಿ ಮಾರಿದ, ಹಚ್ಚಿಕೊಂಡವಳ ತಲೆ ಸುಟ್ಟಿತು. ತಯಾರಕ ಹೊಣೆಯೇ? ಈಗ ಹುಳುವಿನ ತೀರ್ಪಿನಲ್ಲಿ ನ್ಯಾಯಾಧೀಶ ಲಾರ್ಡ್ ಆಟ್ಕಿನ್ ಇಟ್ಟ ಒಂದು ಷರತ್ತು ನೆನಪಾಗಬೇಕು. ನಡುವೆ ಯಾರಾದರೂ ಸರಕನ್ನು ಪರೀಕ್ಷಿಸುವ ಸಾಧ್ಯತೆ ಇತ್ತೇ? ಇದ್ದರೆ ತಯಾರಕ ಹೊಣೆಯಿಂದ ತಪ್ಪಿಸಿಕೊಳ್ಳಬಹುದು. ಅಂಕ ಇರುವುದು ಆ ಒಡೆದ ಸೀಲ್‌ನಲ್ಲಿ. ಹತ್ತು ಸಲ ಓದಿದವರೂ ಇಲ್ಲಿ ಹುಳುವಿನ ಕಥೆಯನ್ನೇ ಒಂದು ಪುಟ ಬರೆದು ಎದ್ದು ಬರುತ್ತಾರೆ.

ಹಾಗಾಗಿ ಇವತ್ತೇ ಗಡಿಯಾರ ಇಟ್ಟುಕೊಂಡು ಒಂದು ಹಳೇ ಪ್ರಶ್ನೆಗೆ ಉತ್ತರ ಬರೆಯಿರಿ. ಕೆಟ್ಟದಾಗಿಯೇ ಬರುತ್ತದೆ, ಬರಲಿ. ಎಲ್ಲಿ ಪೆನ್ ನಿಂತಿತೋ ಆ ಭಾಗ ಮಾತ್ರ ತೆಗೆದು ಓದಿ. ನೋಟ್ಸ್ ಪೂರ್ತಿ ಮಾಡುವ ಹಟ ಬೇಡ.

ಅಂದಹಾಗೆ, ಆ ಹುಳು ನಿಜವಾಗಿ ಇತ್ತಾ? ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ನೋಡಿದ್ದು ಇಷ್ಟೇ: ಬಿಯರ್ ಕುಡಿದ ಡಾನಹ್ಯೂ ಹೇಳಿದ್ದು ನಿಜವೇ ಆಗಿದ್ದರೆ, ಕಾನೂನಿನಲ್ಲಿ ದಾವೆ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದಿತು. ಸಾಕ್ಷಿ ವಿಚಾರಣೆಗೆ ಬರುವ ಮೊದಲೇ ಪ್ರಕರಣ ರಾಜಿಯಾಯಿತು. ಹುಳು ಇತ್ತೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಉತ್ತರಪತ್ರಿಕೆಗಳಲ್ಲಿ ಮಾತ್ರ ಅದು ಪ್ರತಿ ವರ್ಷ ‘ಸಾಬೀತಾಗಿದೆ’.