ಬೇರುಗಂಟಿನಲ್ಲಿ ಖನಿಜಗಳ ಕೆಲಸ: ಗಿಡಕ್ಕೋ, ಬ್ಯಾಕ್ಟೀರಿಯಕ್ಕೋ, ಇಬ್ಬರಿಗೂ ಸೇರಿಯೋ?

ದ್ವಿದಳ ಗಿಡಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಅಮೋನಿಯವಾಗಿಸುತ್ತದೆ; ಇದೇ ಸಾರಜನಕ ಸ್ಥಿರೀಕರಣ. ಇದಕ್ಕೆ ಬೇಕಾದ ಖನಿಜಗಳ ಪಾಠವನ್ನು ನಾವು ಸಾಮಾನ್ಯವಾಗಿ ಪಟ್ಟಿಯ ಹಾಗೆ ಉರುಹೊಡೆಯುತ್ತೇವೆ. ರಂಜಕ ಬೇಕು, ಕಬ್ಬಿಣ ಬೇಕು, ಮಾಲಿಬ್ಡಿನಮ್ ಬೇಕು ಎಂದು ಸಾಲಾಗಿ ಬರೆದುಕೊಂಡರೆ ಪರೀಕ್ಷೆಯ ಹೊತ್ತಿಗೆ ಎಲ್ಲ ಕಲಸುಮೇಲೋಗರ. ಅದರ ಬದಲು ಒಂದೊಂದು ಖನಿಜ ಬಂದಾಗಲೂ ಇದು ಯಾರಿಗೆ ಬೇಕು, ಯಾವ ಹಂತದಲ್ಲಿ ಬೇಕು ಎಂದು ಕೇಳಿಕೊಳ್ಳಿ. ಅರ್ಧ ಪಾಠ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲು ಮೂಲ ಕ್ರಿಯೆ. ಗಾಳಿಯ ಒಂದು ಸಾರಜನಕ ಅಣುವಿನಿಂದ ಎರಡು ಅಮೋನಿಯ ಅಣು ಆಗಲು 8 ಎಲೆಕ್ಟ್ರಾನ್ ಮತ್ತು ಕಡಿಮೆಯೆಂದರೂ 16 ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ಖರ್ಚಾಗುತ್ತವೆ. ಕೆಲಸ ಮಾಡುವುದು ನೈಟ್ರೋಜಿನೇಸ್ ಎಂಬ ಕಿಣ್ವ. ಅದು ಇರುವುದು ಗಂಟಿನ ಜೀವಕೋಶಗಳ ಒಳಗೆ ಬ್ಯಾಕ್ಟೀರಾಯ್ಡ್ ರೂಪಕ್ಕೆ ಬದಲಾದ ರೈಜೋಬಿಯಂನಲ್ಲಿ. ಇಂಧನವಾದ ಸಕ್ಕರೆ ಮಾತ್ರ ಎಲೆಯಿಂದ ಇಳಿದು ಬರಬೇಕು.

ನೈಟ್ರೋಜಿನೇಸ್‌ನಲ್ಲಿ ಎರಡು ಪ್ರೋಟೀನುಗಳಿವೆ. ದೊಡ್ಡದರ ಒಳಗೆ, ಸಾರಜನಕ ಬಂದು ಕೂರುವ ಜಾಗದಲ್ಲೇ, 7 ಕಬ್ಬಿಣ, 9 ಗಂಧಕ, 1 ಮಾಲಿಬ್ಡಿನಮ್ ಮತ್ತು ನಡುವೆ ಒಂದು ಇಂಗಾಲದ ಪರಮಾಣು ಸೇರಿದ ಗೊಂಚಲಿದೆ. ಎಲೆಕ್ಟ್ರಾನ್ ತಂದುಕೊಡುವ ಚಿಕ್ಕ ಪ್ರೋಟೀನಿನಲ್ಲಿ 4 ಕಬ್ಬಿಣ, 4 ಗಂಧಕ. ಕಬ್ಬಿಣ, ಗಂಧಕ, ಮಾಲಿಬ್ಡಿನಮ್ ಏಕೆ ಬೇಕು ಎಂಬ ಪ್ರಶ್ನೆಗೆ ಈ ಎರಡು ವಾಕ್ಯಗಳಲ್ಲೇ ಮುಖ್ಯ ಉತ್ತರವಿದೆ.

ಮಾಲಿಬ್ಡಿನಮ್ ಬೇಕಾಗುವುದು ತೀರಾ ಅಲ್ಪ ಪ್ರಮಾಣದಲ್ಲಿ. ಆದರೆ ಆಮ್ಲೀಯ ಮಣ್ಣಿನಲ್ಲಿ ಅಷ್ಟೂ ಸಿಗುವುದಿಲ್ಲ. ಮಾಲಿಬ್ಡೇಟ್ ಅಯಾನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳಿಗೆ ಅಂಟಿಕೊಂಡುಬಿಡುತ್ತದೆ. ಸುಣ್ಣ ಹಾಕಿ ಪಿಎಚ್ ಏರಿಸಿದರೆ ಬಿಡುಗಡೆಯಾಗುತ್ತದೆ. ಕಬ್ಬಿಣ, ಸತು, ಮ್ಯಾಂಗನೀಸ್ ಇದಕ್ಕೆ ತದ್ವಿರುದ್ಧ: ಪಿಎಚ್ ಏರಿದಷ್ಟೂ ಗಿಡಕ್ಕೆ ಸಿಗುವುದು ಕಡಿಮೆ. ದಕ್ಷಿಣ ಆಸ್ಟ್ರೇಲಿಯದ ಹುಲ್ಲುಗಾವಲುಗಳಲ್ಲಿ ಸೊರಗಿದ ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡಗಳು ಚೂರು ಮಾಲಿಬ್ಡಿನಮ್ ಕೊಟ್ಟೊಡನೆ ಚಿಗುರಿದ್ದನ್ನು ಆಂಡರ್ಸನ್ 1942ರಲ್ಲಿ ವರದಿ ಮಾಡಿದರು. ಹೊಲದಲ್ಲಿ ಈ ಕೊರತೆಯ ರೂಪ ಸಾರಜನಕದ ಕೊರತೆಯದೇ: ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಬೇರು ಕಿತ್ತು ನೋಡಿದರೆ ಗಂಟುಗಳಿಗೇನೂ ಬರವಿಲ್ಲ, ಕೆಲಸವೇ ನಡೆಯುತ್ತಿಲ್ಲ.

ಒಂದು ಎಚ್ಚರಿಕೆ: ಮಣ್ಣಿನ ಸಾರಜನಕದ ಒಂದು ರೂಪವಾದ ನೈಟ್ರೇಟನ್ನು ಗಿಡ ಬಳಸಿಕೊಳ್ಳಲು ಬೇಕಾದ ಕಿಣ್ವ ನೈಟ್ರೇಟ್ ರಿಡಕ್ಟೇಸ್‌ನಲ್ಲೂ ಮಾಲಿಬ್ಡಿನಮ್ ಇದೆ. ಹಾಗಾಗಿ ನೈಟ್ರೇಟ್ ಉಂಡು ಬೆಳೆಯುವ ಗಿಡಕ್ಕೆ ಇದು ಬೇಡವೆಂದು ಬರೆದರೆ ತಪ್ಪು.

ಕಬ್ಬಿಣಕ್ಕೆ ಇನ್ನೊಂದು ದೊಡ್ಡ ಹೊಣೆಯಿದೆ, ಗಂಟಿನ ಕೆಂಪು ಪ್ರೋಟೀನಾದ ಲೆಗ್‌ಹಿಮೋಗ್ಲೋಬಿನ್. ಆಮ್ಲಜನಕ ತಾಗಿದರೆ ನೈಟ್ರೋಜಿನೇಸ್ ಕೆಡುತ್ತದೆ. ಆಮ್ಲಜನಕವಿಲ್ಲದೆ ಎಟಿಪಿ ಸಾಕಷ್ಟು ಹುಟ್ಟುವುದಿಲ್ಲ. ಈ ಇಕ್ಕಟ್ಟಿನ ನಡುವೆ ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದು, ಬಿಡಿಯಾಗಿ ಅಲೆಯಲು ಬಿಡದೆ, ಬ್ಯಾಕ್ಟೀರಾಯ್ಡ್‌ಗೆ ತಲುಪಿಸುತ್ತದೆ. ಗಂಟನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ ನೋಡಿ. ಒಳಗೆ ನಸುಗೆಂಪು ಅಥವಾ ಕೆಂಪು ಇದ್ದರೆ ಕೆಲಸ ನಡೆದಿದೆ. ಬಿಳಿಯಿದ್ದರೆ ಇನ್ನೂ ಎಳೆಯದು, ಇಲ್ಲವೇ ನಿಷ್ಫಲ. ಹಸಿರು ತಿರುಗಿದ್ದರೆ ಆ ಪ್ರೋಟೀನಿನ ಕಬ್ಬಿಣ ಹೊತ್ತ ಭಾಗವಾದ ಹೀಮ್ ಒಡೆದು ಗಂಟು ಮುಪ್ಪಾಗಿದೆ. ಕಬ್ಬಿಣ ಸಾಲದ ಶೇಂಗಾ ಗಿಡದಲ್ಲಿ ಗಂಟು ಮೊಳೆಯುತ್ತದೆ, ಆದರೆ ಬಲಿಯುವುದಿಲ್ಲ.

ನನ್ನ ಪ್ರಕಾರ ಇಡೀ ಪಾಠದಲ್ಲಿ ಅತ್ಯಂತ ಸ್ಪಷ್ಟ ಉದಾಹರಣೆ ಕೋಬಾಲ್ಟ್. ನೈಟ್ರೇಟ್ ಕೊಟ್ಟು ಬೆಳೆಸಿದ ಸೋಯಾ ಗಿಡಕ್ಕೆ ಇದರ ಅಗತ್ಯ ಕಾಣುವುದಿಲ್ಲ. ಗಂಟುಗಳನ್ನೇ ನಂಬಿದ ಗಿಡ ಮಾತ್ರ ಇದಿಲ್ಲದೆ ಸೊರಗುತ್ತದೆ. 1960ರಲ್ಲಿ ಅಹ್ಮದ್ ಮತ್ತು ಇವಾನ್ಸ್ ಇದನ್ನು ತೋರಿಸಿದರು. ಕಾರಣ, ರೈಜೋಬಿಯಂಗೆ ಬಿ12 ರೂಪದ ಸಹಕಿಣ್ವ ಬೇಕು, ಅದರ ನಡುವಿನ ಲೋಹವೇ ಕೋಬಾಲ್ಟ್. ಅದಿಲ್ಲದೆ ಡಿಎನ್‌ಎಗೆ ಬೇಕಾದ ಕಟ್ಟುಸಾಮಗ್ರಿಯೇ ಸಿದ್ಧವಾಗುವುದಿಲ್ಲ, ಬ್ಯಾಕ್ಟೀರಿಯ ಹೆಚ್ಚುವುದಿಲ್ಲ. ಅಂದರೆ ಬೇಡಿಕೆ ಬ್ಯಾಕ್ಟೀರಿಯದ್ದು, ಹಸಿವು ಕಾಣುವುದು ಗಿಡದಲ್ಲಿ.

ಕ್ಯಾಲ್ಸಿಯಂ ಮತ್ತು ಬೋರಾನ್ ಎರಡಕ್ಕೂ ಆರಂಭದಲ್ಲೇ ಹೆಚ್ಚು ಕೆಲಸ. ರೈಜೋಬಿಯಂ ಕಳಿಸುವ ನಾಡ್ ಸಂಕೇತ ತಲುಪಿದಾಗ ಬೇರುರೋಮದ ಕೋಶದೊಳಗೆ ಕ್ಯಾಲ್ಸಿಯಂ ಮಟ್ಟ ಮತ್ತೆ ಮತ್ತೆ ಏರಿಳಿಯುತ್ತದೆ. ಬ್ಯಾಕ್ಟೀರಿಯ ಒಳಹೋಗುವ ಸೋಂಕಿನ ನಾಳದ ಗೋಡೆ ಸರಿಯಾಗಿ ಕಟ್ಟಿಕೊಳ್ಳಲು ಬೋರಾನ್ ಬೇಕು. ಪೊಟ್ಯಾಶಿಯಂ ಮುಖ್ಯವಾಗಿ ಎಲೆಯ ಸಕ್ಕರೆ ಕೆಳಗಿಳಿಯಲು ನೆರವಾಗುತ್ತದೆ. ನಿಕ್ಕಲ್, ಸಾರಜನಕ ಸ್ಥಿರೀಕರಣದ ಜೊತೆಯಲ್ಲೇ ಹುಟ್ಟುವ ಜಲಜನಕವನ್ನು ರೈಜೋಬಿಯಂನ ಕೆಲವು ತಳಿಗಳು ಮರುಬಳಸುವ ಕಿಣ್ವದಲ್ಲಿದೆ. ಪೊಟ್ಯಾಶಿಯಂ, ನಿಕ್ಕಲ್ ಎರಡರ ಬಗ್ಗೆ ಇಷ್ಟು ತಿಳಿದರೆ ಸಾಕು.

ಮಣ್ಣಿನ ನೈಟ್ರೇಟ್ ಮಾತ್ರ ಉಲ್ಟಾ. ಅದು ಧಾರಾಳವಾಗಿದ್ದರೆ ಗಿಡ ಗಂಟು ಕಟ್ಟುವುದನ್ನೇ ತಗ್ಗಿಸುತ್ತದೆ, ಇರುವ ಗಂಟುಗಳೂ ಮಂಕಾಗುತ್ತವೆ.

ಕೊನೆಗೆ ರಂಜಕ, ತುಸು ಜಟಿಲ. ಎಟಿಪಿಯಲ್ಲಿ ರಂಜಕವಿದೆ; ಹಾಗಾಗಿ ಎಟಿಪಿಯ ಲೆಕ್ಕ ನೋಡಿ ನೇರ ಸಂಬಂಧವೆಂದು ಬರೆಯುವ ಆಸೆಯಾಗುತ್ತದೆ. ಆದರೆ ರಂಜಕ ಕೊಟ್ಟಾಗ ಸ್ಥಿರೀಕರಣ ಹೆಚ್ಚಿದರೆ, ಅದು ಗಂಟಿನ ಎಟಿಪಿಯಿಂದಲೋ, ಇಡೀ ಗಿಡ ದಷ್ಟಪುಷ್ಟವಾಗಿ ಸಕ್ಕರೆ ಹೆಚ್ಚು ಇಳಿದಿದ್ದರಿಂದಲೋ? ಬೇರ್ಪಡಿಸಲು ಎರಡು ಗುಂಪು ಕುಂಡಗಳು ಬೇಕು: ಒಂದರಲ್ಲಿ ಗಂಟುಗಳನ್ನೇ ನಂಬಿದ ಗಿಡ, ಇನ್ನೊಂದರಲ್ಲಿ ಸಾಕಷ್ಟು ನೈಟ್ರೇಟ್ ಉಂಡ ಗಿಡ. ಎರಡಕ್ಕೂ ರಂಜಕವನ್ನು ಏರಿಸುತ್ತಾ ಹೋಗಿ. ಎರಡೂ ಒಂದೇ ತೆರನಾಗಿ ಬೆಳೆದರೆ ಲಾಭ ಆಗಿದ್ದು ಗಿಡದ ಬೆಳವಣಿಗೆಗೆ, ಸ್ಥಿರೀಕರಣ ಅದರ ಬೆನ್ನಿಗೆ ಏರಿದೆ ಅಷ್ಟೆ. ಮೊದಲ ಗುಂಪಿಗೆ ಹೆಚ್ಚಿನ ರಂಜಕ ಬೇಕಾದರೆ ಮಾತ್ರ ಗಂಟಿಗೇ ವಿಶೇಷ ಬೇಡಿಕೆಯಿದೆ ಎನ್ನಬಹುದು.