ಬಾಗಿಲಲ್ಲಿ ನಿಂತ ಅಪ್ಪ: ನವಜಾತ ಶಿಶು ಘಟಕದ ಪೋಸ್ಟಿಂಗ್‌ಗೆ ಮುಂಚೆ ಓದಿಕೊಳ್ಳಿ

ನರ್ಸಿಂಗ್ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ವಿಜಯಪುರದ ಆಸ್ಪತ್ರೆಯೊಂದರಲ್ಲಿ ನನ್ನ ನವಜಾತ ಶಿಶು ಘಟಕದ ಪೋಸ್ಟಿಂಗ್ ಈಗಷ್ಟೇ ಮುಗಿಯಿತು. ನಾವು ಓದುವ ಪುಸ್ತಕದಲ್ಲಿ ತಾಯಿಯ ಬಗ್ಗೆ ಪುಟಗಟ್ಟಲೆ ಇದೆ, ಅಪ್ಪನ ಬಗ್ಗೆ ಎರಡು ಸಾಲು. ಘಟಕದ ಬಾಗಿಲಲ್ಲಿ ದಿನಾ ಕಾಣುವವನು ಮಾತ್ರ ಅಪ್ಪನೇ.

37 ವಾರ ತುಂಬುವ ಮೊದಲು ಹುಟ್ಟಿದರೆ ಅದು ದಿನ ತುಂಬದ ಮಗು. ಜಗತ್ತಿನಲ್ಲಿ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದು ಹೀಗೆ ಬರುತ್ತದೆ. ಇಷ್ಟು ನಿಮಗೆ ಗೊತ್ತು, ಮುಂದೆ ಹೋಗೋಣ.

ಸುದ್ದಿ ಹೊರುವ ಕೆಲಸ

ಮೊದಲ ದಿನ ಏನಾಗುತ್ತದೆ ನೋಡಿ. ಸಿಸೇರಿಯನ್ ಆದ ತಾಯಿ ವಾರ್ಡಿನಲ್ಲಿ ಮಲಗಿರುತ್ತಾಳೆ, ಕೆಲವು ಸಲ ಬೇರೆ ಊರಿನ ಆಸ್ಪತ್ರೆಯಲ್ಲೇ ಇರುತ್ತಾಳೆ. ಹಾಗಾಗಿ ಕೂಸನ್ನು ಮೊದಲು ನೋಡುವವನು ಅಪ್ಪ. ಡಾಕ್ಟರ್ ಮಾತು ಕೇಳುವವನು, ಸಹಿ ಹಾಕುವವನು, ಚೀಟಿ ಹಿಡಿದು ಮೆಡಿಕಲ್‌ಗೆ ಓಡುವವನು ಅವನೇ. ಆಮೇಲೆ ಅದನ್ನೆಲ್ಲ ಹೆಂಡತಿಗೆ ಹೇಳಬೇಕು. ಎಷ್ಟು ಹೇಳಬೇಕು, ಎಷ್ಟು ನುಂಗಬೇಕು ಅಂತ ಮೆಟ್ಟಿಲು ಹತ್ತುತ್ತಾ ಅವನೊಬ್ಬನೇ ಲೆಕ್ಕ ಹಾಕುತ್ತಾನೆ.

ದ್ರಾಕ್ಷಿ ತೋಟದಲ್ಲಿ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ ಮಾಡುವ ಒಬ್ಬ ಅಪ್ಪ ಇದ್ದ. ಮಗಳು 1200 ಗ್ರಾಂ. ಎರಡು ತಾಸಿಗೊಮ್ಮೆ ಹೆಂಡತಿ ಹಿಂಡಿ ಕೊಟ್ಟ ಹಾಲನ್ನು ಸಣ್ಣ ಸ್ಟೀಲ್ ವಾಟಿಯಲ್ಲಿ ತರುತ್ತಿದ್ದ. ಅದರಲ್ಲಿ ಇರುತ್ತಿದ್ದದ್ದು ಮೂರೋ ನಾಲ್ಕೋ ಎಂಎಲ್. ಮೇಲೆ ತಟ್ಟೆ ಮುಚ್ಚಿದ್ದರೂ ಅದರ ಮೇಲೆ ಇನ್ನೊಂದು ಕೈ ಇಟ್ಟುಕೊಂಡೇ ನಡೆಯುತ್ತಿದ್ದ. ನಾಲ್ಕನೇ ದಿನ ತೂಕ 1090ಕ್ಕೆ ಇಳಿದಿದೆ ಅಂತ ಯಾರೋ ಸುಮ್ನೆ ಹೇಳಿ ಹೋದರು. ಅವನು ಹೆಂಡತಿಗೆ "ಅಷ್ಟ ಐತಿ, ಚಲೋ ಐತಿ" ಅಂದ. ಆಮೇಲೆ ಮೆಟ್ಟಿಲ ಕೆಳಗೆ ಹೋಗಿ ಮುಖ ಮುಚ್ಚಿಕೊಂಡು ಕೂತ. ಹೆಂಡತಿಯ ಕಡೆಯ ಹಿರಿಯರೊಬ್ಬರು ಬಂದು, "ಗಂಡಸಾಗಿ ನೀನ ಹಿಂಗ ಕುಂತ್ರ ಆಕಿ ಏನ್ ಮಾಡ್ಬೇಕೋ ತಮ್ಮಾ?" ಅಂದರು. ಬೈಯಬೇಕು ಅಂತ ಅಂದ ಮಾತಲ್ಲ. ಆದರೆ ಅವನು ಮತ್ತೆ ಯಾರೆದುರೂ ಕೂರಲಿಲ್ಲ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನ ಲೆಕ್ಕ. ಸುತ್ತ ಇರುವವರೆಲ್ಲ ಹೆಂಡತಿಯ ಮನೆಯವರು, ಇವನು ಅಳಿಯ. ತನ್ನವರು ಅನ್ನುವವರು ಪಕ್ಕದಲ್ಲಿ ಇರುವುದು ಕಡಿಮೆ. ಇದನ್ನು ಮರೆಯಬೇಡಿ.

ಅವತ್ತು ಅವನಿಗೆ ಹೇಳಬೇಕಿದ್ದದ್ದು ಒಂದೇ ವಿಷಯ. ದಿನ ತುಂಬದ ಮಕ್ಕಳು ಮೊದಲ ವಾರ ಹುಟ್ಟಿದ ತೂಕದ 10ರಿಂದ 15 ಶೇಕಡಾ ಕಳೆದುಕೊಳ್ಳುವುದು ಸಹಜ. ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಅದು ವಾಪಸ್ ಬರುತ್ತದೆ. 110 ಗ್ರಾಂ ಅಂದರೆ ಆ ಲೆಕ್ಕದ ಒಳಗೇ ಇತ್ತು. ತೂಕ ಹೇಳುವಾಗ ಈ ಮಾತನ್ನೂ ಸೇರಿಸಿಯೇ ಹೇಳಿ. ಅಲಾರಂ ಕೂಡ ಹಾಗೆಯೇ. ಮಾನಿಟರ್ ಕೂಗಿದಾಗೆಲ್ಲ ಅಪ್ಪನ ಜೀವ ಬಾಯಿಗೆ ಬರುತ್ತದೆ. ಬಹಳಷ್ಟು ಸಲ ಆಮ್ಲಜನಕ ಅಳೆಯಲು ಕಾಲಿಗೆ ಕಟ್ಟಿದ ಪ್ರೋಬ್ ಸಡಿಲವಾಗಿರುತ್ತದೆ, ಅಷ್ಟೇ. ಸರಿಮಾಡಿ ಸುಮ್ಮನೆ ಹೋಗಬೇಡಿ, ಏನಾಗಿತ್ತು ಅಂತ ಹೇಳಿ ಹೋಗಿ.

"ಏಳು ತಿಂಗಳಿಗೆ ಹುಟ್ಟಿದ್ದು ಉಳೀತದ, ಎಂಟಕ್ಕ ಹುಟ್ಟಿದ್ದು ಉಳ್ಯಾಂಗಿಲ್ಲ" ಅನ್ನುವ ಮಾತನ್ನೂ ಕೇಳುತ್ತೀರಿ. ಇದು ತಪ್ಪು. ಹೊಟ್ಟೆಯೊಳಗೆ ಒಂದೊಂದು ವಾರ ಜಾಸ್ತಿ ಕಳೆದಷ್ಟೂ ಉಳಿಯುವ ಸಾಧ್ಯತೆ ಹೆಚ್ಚು. 33 ವಾರಕ್ಕೆ, ಅಂದರೆ ಎಂಟನೇ ತಿಂಗಳಲ್ಲಿ ಹುಟ್ಟಿದ ಮಗುವಿನ ಅಪ್ಪ ಈ ಮಾತಿಗೇ ಅರ್ಧ ಕುಸಿದಿರುತ್ತಾನೆ. ನಾವಾಗಿಯೇ ತಿಳಿಸಿ ಹೇಳಬೇಕು.

ಮುಟ್ಟಲು ಬಿಡುವುದು

ಇಂಥ ಘಟಕಗಳಲ್ಲಿ ತಂದೆತಾಯಿಯ ಒತ್ತಡ ಅಳೆಯಲು ನರ್ಸಿಂಗ್ ಸಂಶೋಧಕಿ ಮಾರ್ಗರೆಟ್ ಮೈಲ್ಸ್ ಮತ್ತು ಜೊತೆಯವರು 1993ರಲ್ಲಿ ಒಂದು ಮಾಪಕ ಮಾಡಿದರು. ಘಟಕದ ನೋಟ ಮತ್ತು ಸದ್ದು, ಮಗುವಿನ ರೂಪ ಮತ್ತು ವರ್ತನೆ, ತಂದೆತಾಯಿಯ ಪಾತ್ರ ಕೈತಪ್ಪುವುದು, ಇವು ಅದರ ಮೂರು ಭಾಗ. ಪರೀಕ್ಷೆಗೆ ಮೂರನ್ನೂ ಬರೆಯಿರಿ. ನನ್ನ ಮಟ್ಟಿಗೆ ಮೂರನೆಯದೇ ದೊಡ್ಡದು. ಗಾಜಿನ ಪೆಟ್ಟಿಗೆಯ ಆಚೆ ನಿಂತವನಿಗೆ "ನಾನು ಈ ಕೂಸಿನ ಅಪ್ಪ" ಅನ್ನಿಸಲು ದಾರಿಯೇ ಇರುವುದಿಲ್ಲ.

ದಾರಿ ಕೊಡುವುದು ನಮ್ಮ ಕೈಯಲ್ಲಿದೆ. ಕೇಂದ್ರ ಆರೋಗ್ಯ ಇಲಾಖೆಯ 2017ರ ಮಾರ್ಗಸೂಚಿ ಮನೆಯವರನ್ನು ಘಟಕದ ಒಳಗೆ ಕರೆದು, ಕೈ ತೊಳೆಯುವುದರಿಂದ ಹಿಡಿದು ಆರೈಕೆ ಕಲಿಸಬೇಕು ಅನ್ನುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದ ಕಾಂಗರೂ ಆರೈಕೆಯನ್ನು ತಾಯಿಗೆ ಆಗದಿದ್ದಾಗ ಅಪ್ಪನೂ ಮಾಡಬಹುದು. ಸ್ನಾನ ಮಾಡಿರಲಿ, ಬೀಡಿ, ಗುಟ್ಕಾ ವಾಸನೆ ಇರಬಾರದು. ಟೋಪಿ, ಕಾಲುಚೀಲ, ಲಂಗೋಟಿ ಹಾಕಿದ ಕೂಸನ್ನು ಬರಿ ಎದೆಯ ಮೇಲೆ ನೆಟ್ಟಗೆ ಇಟ್ಟು, ತಲೆಯನ್ನು ಒಂದು ಬದಿಗೆ ತಿರುಗಿಸಿ, ಬಟ್ಟೆಯಿಂದ ಕಟ್ಟಬೇಕು.

ಇನ್ನೂ ಹೊರಗೆ ತೆಗೆಯುವ ಹಾಗಿಲ್ಲದ ಮಗುವಾದರೆ, ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಮಡಚಿದ ಕಾಲುಗಳ ಮೇಲೆ ಇಟ್ಟು ಅಲ್ಲಾಡಿಸದೆ ಹಿಡಿಯಲು ಕಲಿಸಿ. ಸವರಬಾರದು, ಆ ಚರ್ಮಕ್ಕೆ ಸವರುವುದೇ ಹಿಂಸೆ. ಚಾಟ್ನಿ ಕತ್ತರಿ ಹಿಡಿದು ಗಂಟು ಬಿದ್ದ ಆ ಅಪ್ಪನ ಕೈ ಮೊದಲ ಸಲ ನಡುಗಿತು. ಐದು ನಿಮಿಷದ ಮೇಲೆ ಅವನು ತಾನಾಗಿಯೇ ಕೇಳಿದ, "ಸಿಸ್ಟರ್, ಇನ್ನೊಂಚೂರು ಇಡ್ಲೇನ್ರಿ?"

ಮನಸ್ಸು ಕುಗ್ಗಿದ್ದು ಗೊತ್ತಾಗುವುದು ಹೇಗೆ

ಅಪ್ಪ ಅತ್ತು ತೋರಿಸುವುದು ಕಡಿಮೆ. ಸಿಡುಕು, ಮೌನ, ನಿದ್ದೆಗೇಡು, ತಲೆನೋವು, ಕುಡಿತ ಜಾಸ್ತಿ ಆಗುವುದು, ಕೆಲಸದ ನೆಪದಲ್ಲಿ ಆಸ್ಪತ್ರೆಗೆ ಬರದಿರುವುದು, ಇವನ್ನು ಗಮನಿಸಿ. ಬಿಲ್ ಕೌಂಟರ್‌ನಲ್ಲಿ ಜಗಳ ಆಡಿದವನನ್ನು "ಗಲಾಟೆ ಪಾರ್ಟಿ" ಅಂತ ಬರೆದುಬಿಡಬೇಡಿ. ದಿನಗೂಲಿಯವನಿಗೆ ಇಲ್ಲಿ ನಿಂತ ಒಂದೊಂದು ದಿನವೂ ಕೂಲಿ ಹೋದ ದಿನ. ಖಾಸಗಿ ಕೆಲಸದವರಿಗೆ ಪಿತೃತ್ವ ರಜೆ ಕೊಡಲೇಬೇಕು ಅನ್ನುವ ಕಾನೂನು ನಮ್ಮಲ್ಲಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೂ ಸಿಗುವುದು 15 ದಿನ.

ಹೆರಿಗೆಯ ನಂತರದ ಖಿನ್ನತೆ ಗುರುತಿಸಲು ತಾಯಂದಿರಿಗೆ ಕೊಡುವ ಎಡಿನ್‌ಬರೋ ಪ್ರಶ್ನಾವಳಿಯನ್ನು ಅಪ್ಪಂದಿರಿಗೂ ಬಳಸಬಹುದು. ಕಳೆದ ಏಳು ದಿನದ ಬಗ್ಗೆ 10 ಪ್ರಶ್ನೆ, ಒಟ್ಟು 30 ಅಂಕ. ಅಪ್ಪಂದಿರಿಗೆ ಎಚ್ಚರಿಕೆಯ ಅಂಕವನ್ನು ತಾಯಂದಿರಿಗಿಂತ ಕೆಳಗೆ ಇಡುತ್ತಾರೆ. 10ನೇ ಪ್ರಶ್ನೆ ಜೀವಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ, ಒಟ್ಟು ಅಂಕ ಎಷ್ಟೇ ಇರಲಿ, ಅವನನ್ನು ಒಂಟಿಯಾಗಿ ಬಿಡಬಾರದು, ತಕ್ಷಣ ಡಾಕ್ಟರಿಗೆ ತಿಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಚೀಟಿಯಲ್ಲಿ ಬರೆದುಕೊಡಿ.

ಪ್ರಶ್ನಾವಳಿ ಇಲ್ಲದಿದ್ದರೂ, "ಅಣ್ಣಾರ, ರಾತ್ರಿ ಊಟ ಆತೇನ್ರಿ? ಎಷ್ಟ್ ತಾಸ್ ಮಲಗಿದ್ರಿ?" ಅಂತ ಕೇಳಿ ಒಂದು ನಿಮಿಷ ನಿಲ್ಲಿ. ನಾನು ಕೇಳಿದವರಲ್ಲಿ ಹಲವರು ಮೊದಲು ಕೂಸಿನ ಸುದ್ದಿಯನ್ನೇ ಹೇಳಿದರು. ಎರಡನೇ ಸಲ ಕೇಳಿದಾಗಲೇ ತಮ್ಮ ಮಾತು ಬಂತು.

ಡಿಸ್ಚಾರ್ಜ್ ಆದರೆ ಮುಗಿಯಿತು ಅಂದುಕೊಳ್ಳಬೇಡಿ. ದಿನ ತುಂಬಿದವರು, ತುಂಬದವರು ಎಲ್ಲರ ಅಪ್ಪಂದಿರನ್ನೂ ಸೇರಿಸಿ 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಸುಮಾರು ಹತ್ತರಲ್ಲಿ ಒಬ್ಬರಿಗೆ ಖಿನ್ನತೆ ಕಂಡಿತ್ತು. ಅದು ಹೆಚ್ಚಾಗಿ ಕಂಡದ್ದು ಮಗುವಿಗೆ ಮೂರರಿಂದ ಆರು ತಿಂಗಳಾದಾಗ. ಆಶಾ ಕಾರ್ಯಕರ್ತೆಯ ನವಜಾತ ಶಿಶು ಭೇಟಿ 42ನೇ ದಿನಕ್ಕೆ ನಿಲ್ಲುತ್ತದೆ. ಆಮೇಲಿನ ಮನೆ ಭೇಟಿಗಳಲ್ಲಿ ಮೊದಲ ಎರಡು ಇರುವುದು ಮೂರನೇ ಮತ್ತು ಆರನೇ ತಿಂಗಳಲ್ಲಿ. ಆ ಎರಡು ಭೇಟಿಯಲ್ಲಿ ಅಪ್ಪನನ್ನೂ ವಿಚಾರಿಸಿ ಅಂತ ಊರಿನ ಆಶಾ ಅಕ್ಕನಿಗೆ ಡಿಸ್ಚಾರ್ಜ್ ದಿನವೇ ಫೋನ್ ಮಾಡಿ ಹೇಳಿ. ಹಗಲು ಅವನು ತೋಟದಲ್ಲಿರುತ್ತಾನೆ, ಅವನ ನಂಬರನ್ನೂ ಕೊಡಿ.